ಗುರುತಿನ ಚುಕ್ಕೆ

1.82. ಈ ಒಂದು ಸಂಖ್ಯೆಯನ್ನು ನಂಬಿಕೊಂಡು ನಾನು ಆರು ವರ್ಷ ಬಾಳುವೆ ಮಾಡಿದ್ದೇನೆ. ನನ್ನ ಮದುವೆಯಾದದ್ದು, ಮಾವನವರು ತೀರಿಕೊಂಡದ್ದು, ಮೂರು ಸಲ ಬಾಡಿಗೆ ಮನೆ ಬದಲಾಯಿಸಿದ್ದು, ಎಲ್ಲವೂ ಈ ಸಂಖ್ಯೆಯ ಆಚೀಚೆ ನಡೆದುಹೋದವು. ಈಗ ಪಿಎಚ್‌ಡಿ ಪ್ರಬಂಧ ಒಪ್ಪಿಸುವುದಕ್ಕೆ ಇಪ್ಪತ್ತಾರು ದಿನ ಉಳಿದಿರುವಾಗ ಅದೇ ಸಂಖ್ಯೆ ನನಗೆ ಕೈಕೊಟ್ಟಿತ್ತು.

ನನ್ನ ಕೆಲಸ ಏನೆಂದು ಅತ್ತೆಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಬೂದು ಬಣ್ಣದ ಒಂದು ಹರಳು ಇರುತ್ತದೆ. ಅದಕ್ಕೆ ಸಾಮಾನ್ಯ ಅಂಟುಟೇಪು ಅಂಟಿಸಿ ಸುಲಿಯುತ್ತೇನೆ. ಸುಲಿದದ್ದನ್ನೇ ಮತ್ತೆ ಸುಲಿಯುತ್ತೇನೆ. ಹೀಗೆ ಸುಲಿಯುತ್ತಾ ಹೋದರೆ ಕೊನೆಗೆ ಮೂರೇ ಪರಮಾಣುಗಳಷ್ಟು ದಪ್ಪದ ಒಂದು ಹಾಳೆ ಉಳಿಯುತ್ತದೆ. ಅದನ್ನು ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ಕೂರಿಸಿ, ಹಸಿರು ಲೇಸರ್ ಬಿಟ್ಟರೆ ಅದು ಕೆಂಪು ಬೆಳಕು ಕೊಡುತ್ತದೆ. ಆ ಕೆಂಪು ಬೆಳಕಿನ ಶಕ್ತಿ ಎಷ್ಟು ಎಲೆಕ್ಟ್ರಾನ್ ವೋಲ್ಟ್ ಎನ್ನುವುದೇ ನನ್ನ ಸಂಖ್ಯೆ. ಈ ಹಾಳೆ ಒಂದು ಅರೆವಾಹಕ, 1.82 ಅದರ ಹುಟ್ಟುಗುಣ ಎಂದು ನಾನು ಎರಡು ಲೇಖನ ಬರೆದಿದ್ದೆ. ಪ್ರಬಂಧದ ಬೆನ್ನೆಲುಬೂ ಅದೇ. ಅತ್ತೆ ಇಷ್ಟನ್ನೂ ಕೇಳಿಸಿಕೊಂಡು, ಕಣ್ಣಿಗೇ ಕಾಣದ್ದನ್ನು ದಿನಾ ಹೋಗಿ ಏನು ನೋಡುತ್ತೀಯ ಎಂದು ಕೇಳುತ್ತಾರೆ. ಬೆಳಗ್ಗೆ ಶೂ ಹಾಕಿಕೊಳ್ಳುವಾಗಲೇ ಕೇಳುತ್ತಾರೆ. ಲಿಫ್ಟ್ ರಿಪೇರಿ ಮಾಡುವ ಮಗ ಸಂಜೆ ಬಂದು ಇವತ್ತು ನಾಲ್ಕು ಲಿಫ್ಟ್ ಸರಿಮಾಡಿದೆ ಅನ್ನುತ್ತಾನೆ, ಸೊಸೆ ಬಂದು ಇವತ್ತೂ ಏನೂ ಆಗಲಿಲ್ಲ ಅನ್ನುತ್ತಾಳೆ. ಅವರ ಸಂಕಟವೂ ನನಗೆ ಅರ್ಥವಾಗುತ್ತದೆ.

ನನ್ನ ಪ್ರಬಂಧದ ಪರೀಕ್ಷಕರೊಬ್ಬರು ಬೇರೊಂದು ಲ್ಯಾಬಿನ ಮುಖ್ಯಸ್ಥರು. ನನ್ನ ಲೇಖನಗಳನ್ನು ಓದಿ ಅವರು ಪತ್ರ ಬರೆದಿದ್ದರು. ಬಹಳ ಮರ್ಯಾದೆಯ ಪತ್ರ. ತಾವೂ ಇದೇ ಹಾಳೆ ಮಾಡಿದ್ದಾರಂತೆ, ಪ್ರತಿ ಸಲವೂ 1.87 ಬರುತ್ತದಂತೆ, ಹೊಸ ಹಾಳೆಗಳ ಮೇಲೆ ಇನ್ನೊಮ್ಮೆ ಅಳೆದು ಕಳಿಸಿದರೆ ಉಪಕಾರವಾಗುತ್ತದಂತೆ. 1.82ಕ್ಕೂ 1.87ಕ್ಕೂ ಏನು ಮಹಾ ವ್ಯತ್ಯಾಸ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಸುಬಿನಲ್ಲಿ ಅದು ನಮ್ಮ ಮನೆ ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದಷ್ಟೇ ದೊಡ್ಡ ವ್ಯತ್ಯಾಸ.

ಸರಿ, ಅಳೆದೆ. 1.84 ಬಂತು. ಮರುದಿನ 1.85. ಅದರ ಮರುದಿನ ಇನ್ನೊಂದು ಹಾಳೆಗೆ 1.83, ಅದೇ ಹಾಳೆಗೆ ಮಧ್ಯಾಹ್ನ 1.84. ನನ್ನದೂ ಬರಲಿಲ್ಲ, ಅವರದೂ ಬರಲಿಲ್ಲ. ನನ್ನ ಕೋಪ ನೆತ್ತಿಗೇರಿತು.

ಇಲ್ಲಿ ಹಾಳೆಯ ಪರವಾಗಿ ಒಂದು ಮಾತು ಹೇಳಬೇಕು. ದಪ್ಪ ಹರಳಿಗೆ ಒಳಗು ಅಂತ ಒಂದಿರುತ್ತದೆ. ಹೊರಗೆ ಧೂಳು ಬಿದ್ದರೂ ತೇವ ತಾಕಿದರೂ ಒಳಗಿನ ಎಲೆಕ್ಟ್ರಾನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಈ ಹಾಳೆಗೆ ಒಳಗೇ ಇಲ್ಲ, ಇರುವುದೆಲ್ಲ ಮೈ. ಒಂದು ಎಲೆಕ್ಟ್ರಾನ್ ಎದ್ದು ಹೋದರೆ ಅದು ಬಿಟ್ಟ ಖಾಲಿ ಜಾಗ ಅದನ್ನು ವಾಪಸು ಎಳೆಯುತ್ತದೆ. ಹಾಳೆ ಇಷ್ಟು ತೆಳ್ಳಗಿರುವಾಗ ಆ ಎಳೆತ ಹೊರಗಿನ ಗಾಳಿಯಲ್ಲಿ, ಕೆಳಗಿನ ಬಿಲ್ಲೆಯಲ್ಲಿ ಹಾದುಹೋಗುತ್ತದೆ. ಹೊರಗೆ ಏನಿದೆಯೋ ಅದೂ ಈ ವ್ಯವಹಾರದಲ್ಲಿ ಮೂಗು ತೂರಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಹಾಗಾಗಿ ಲ್ಯಾಬಿನಲ್ಲಿ ಇದ್ದಬದ್ದ ಎಲ್ಲದರ ಮೇಲೂ ಅನುಮಾನಪಟ್ಟೆ. ಏಸಿ ಆರಿಸಿದೆ, ಹಾಕಿದೆ. ನೆಲ ಒರೆಸುವವರನ್ನು ಬಾಗಿಲಲ್ಲೇ ತಡೆದೆ. ಸೆಂಟು ಹಾಕಿಕೊಂಡು ಬಂದವರನ್ನು ಹೊರಗೆ ಕಳಿಸಿದೆ. ಪ್ರೊಫೆಸರ್ ಒಳಗೆ ಬಂದು ಬಿಲ್ಲೆಯ ಮೇಲೆ ಬಗ್ಗಿದಾಗ, ಸರ್ ಸ್ವಲ್ಪ ದೂರ ನಿಂತು ಉಸಿರಾಡಿ ಎಂದೂ ಹೇಳಿದೆ. ಅವರು ನನ್ನ ಮುಖ ನೋಡಿ ಹೊರಟುಹೋದರು.

ನನಗೆ ಹೆಚ್ಚು ರೇಗುತ್ತಿದ್ದದ್ದು ಅಡ್ಡಾದಿಡ್ಡಿ ಕೆಲಸದವರನ್ನು ಕಂಡರೆ. ನಮ್ಮ ಲ್ಯಾಬಿನಲ್ಲಿ ಕೆಲಸಕ್ಕೆ ಒಂದು ಶಿಸ್ತಿದೆ. ಹಾಳೆ ಮಾಡುವ ಹನ್ನೆರಡು ಹಂತಗಳನ್ನು ಟೈಪು ಮಾಡಿ, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ್ದೇವೆ. ಏಳನೆಯ ಹಂತ ನನ್ನದು. ಬಿಲ್ಲೆಯ ಮೇಲೆ ನೂರಾರು ಚೂರುಗಳು ಬಿದ್ದಿರುತ್ತವೆ, ಕೆಲಸಕ್ಕೆ ಬರುವುದು ಒಂದೋ ಎರಡೋ. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಕಂಡದ್ದನ್ನು ಮತ್ತೆ ಹುಡುಕುವುದಕ್ಕೆ ಅರ್ಧ ಗಂಟೆ ಬೇಕು. ಮೊದಲ ವರ್ಷವೇ ನಾನು ಸಣ್ಣ ಮೊನೆಯ ಕಪ್ಪು ಮಾರ್ಕರಿನಿಂದ ಹಾಳೆಯ ಪಕ್ಕ ಒಂದು ಚುಕ್ಕೆ ಇಟ್ಟೆ. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ಪ್ರೊಫೆಸರ್ ಹಿಗ್ಗಿಹೋದರು. ಅಂದಿನಿಂದ ಅದೇ ನಿಯಮ: ಹಾಳೆ ಸಿಕ್ಕ ಕೂಡಲೇ ಪಕ್ಕದಲ್ಲಿ ಚುಕ್ಕೆ ಇಡಿ. ಹೊಸದಾಗಿ ಬಂದವರಿಗೆಲ್ಲ ಕೈ ಹಿಡಿದು ಕಲಿಸಿದವಳು ನಾನೇ.

ಕಲಿಯದವಳು ಒಬ್ಬಳೇ. ಎರಡೂವರೆ ವರ್ಷದ ಹಿಂದೆ ಸೇರಿದ ಹುಡುಗಿ, ಮಾತು ಎಷ್ಟು ಮೆತ್ತಗೆಂದರೆ ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು. ಅವಳು ಚುಕ್ಕೆ ಇಡುತ್ತಿರಲಿಲ್ಲ. ಬಿಲ್ಲೆಯ ಒಂದು ಮೂಲೆಯಿಂದ ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದುಕೊಳ್ಳುತ್ತಿದ್ದಳು. ಒಂದು ಸೋಮವಾರದ ಸಭೆಯಲ್ಲಿ ಅವಳು ನಾಲ್ಕು ತಿಂಗಳ ಅಳತೆ ತೋರಿಸಿದಳು. ನನ್ನ ಸಂಖ್ಯೆಗೆ ಒಂದೂ ಹೊಂದಲಿಲ್ಲ. ಬಿಲ್ಲೆಗಳನ್ನು ತರಿಸಿ ನೋಡಿದರೆ ಒಂದರ ಮೇಲೂ ಚುಕ್ಕೆ ಇಲ್ಲ. ಹನ್ನೊಂದು ಜನ ಕೂತಿದ್ದರು. ಏಳನೇ ಹಂತ ಬಿಟ್ಟವಳು ಇನ್ನೆಷ್ಟು ಹಂತ ಬಿಟ್ಟಿರಬಹುದು ಎಂದು ಎಲ್ಲರ ಮುಂದೆ ಕೇಳಿದೆ. ಯಾವ ಹಾಳೆ ಅಳೆದೆನೆಂದು ನಿನಗೇ ಗೊತ್ತಿಲ್ಲ, ನಾಲ್ಕು ತಿಂಗಳದ್ದನ್ನೂ ಎಸೆದು ಮೊದಲಿನಿಂದ ಮಾಡು ಅಂದೆ. ಅವಳು ಏನೋ ಗುನುಗಿದಳು, ನನಗೆ ಕೇಳಿಸಲಿಲ್ಲ, ಕೇಳುವ ತಾಳ್ಮೆಯೂ ಇರಲಿಲ್ಲ. ತಿಂಗಳೊಳಗೆ ಲ್ಯಾಬು ಬಿಟ್ಟು ಬಸ್ ನಿಲ್ದಾಣದ ಹತ್ತಿರ ಒಂದು ಕನ್ನಡಕದ ಅಂಗಡಿ ಸೇರಿದಳು ಎಂದು ಕೇಳಿದೆ. ಪೀಡೆ ತೊಲಗಿತು ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಇಪ್ಪತ್ತೊಂದು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ತಪ್ಪು ಹಾಳೆ ಅಳೆದೆ. ಬಿಲ್ಲೆಯನ್ನು ತಿರುಗಿಸಿ ಇಟ್ಟಿದ್ದೆ. ಚುಕ್ಕೆಯ ಪಕ್ಕದ್ದನ್ನು ಬಿಟ್ಟು ಆ ತುದಿಯಲ್ಲಿದ್ದ ಇನ್ನೊಂದರ ಮೇಲೆ ಲೇಸರ್ ಬಿದ್ದಿತ್ತು. 1.87 ಬಂತು.

ಬೈದುಕೊಂಡೇ ಸರಿಯಾದ ಹಾಳೆಗೆ ಬಂದೆ. 1.84. ಮತ್ತೆ ತುದಿಗೆ ಹೋದೆ. 1.87. ನಡುವೆ ಇನ್ನೆರಡು ಚೂರುಗಳಿದ್ದವು, ಅವನ್ನೂ ಅಳೆದೆ. 1.85, 1.86. ಚುಕ್ಕೆಯಿಂದ ದೂರ ಹೋದಷ್ಟೂ ಸಂಖ್ಯೆ ಏರುತ್ತಿತ್ತು. ಆರು ವರ್ಷ ಕದಲದಿದ್ದ ಸಂಖ್ಯೆ ಈಗ ಕದಲಿದೆ ಎಂದರೆ ಪೆನ್ನೇ ಬದಲಾಗಿರಬೇಕು.

ಎದ್ದು ಸ್ಟೋರ್ಸಿಗೆ ಹೋದೆ. ಗುಮಾಸ್ತರು ಪೆನ್ನಿನ ವಿಷಯ ಕೇಳಿದ್ದಕ್ಕೆ ಮೊದಲು ನಕ್ಕರು, ಆಮೇಲೆ ರಿಜಿಸ್ಟರು ತೆಗೆದರು. ಹಳೆ ಮಾರ್ಕರು ಬರುವುದು ನಿಂತು ಎರಡು ತಿಂಗಳಾಯಿತಂತೆ, ಈಗ ಬೇರೆ ಕಂಪನಿಯದಂತೆ. ನಮಗೆ ತಿಳಿಸಬೇಡವೇ ಎಂದು ರೇಗಿದೆ. ಅದೂ ಕಪ್ಪು ಇದೂ ಕಪ್ಪು, ಇದರಲ್ಲಿ ತಿಳಿಸುವುದೇನಿದೆ ಎಂದು ಅವರೂ ರೇಗಿದರು. ನಾನು ಅವರ ಜಾಗದಲ್ಲಿದ್ದರೂ ಅಷ್ಟೇ ಹೇಳುತ್ತಿದ್ದೆ.

ಎರಡು ದಿನ ಬೇರೇನೂ ಮಾಡಲಿಲ್ಲ. ಚುಕ್ಕೆ ಇಲ್ಲದ ಮೂರು ಬಿಲ್ಲೆಗಳ ಹಾಳೆ ಅಳೆದೆ: 1.87, 1.87, 1.88. ಮೊದಲನೆಯದರ ಪಕ್ಕ ಹೊಸ ಪೆನ್ನಿನ ಚುಕ್ಕೆ ಇಟ್ಟು ಒಂದು ಗಂಟೆ ಕಾದೆ. 1.84ಕ್ಕೆ ಇಳಿಯಿತು. ಡ್ರಾಯರಿನ ತಳದಲ್ಲಿ ಹಳೆಯ ಪೆನ್ನೊಂದು ಒಣಗಿಬಿದ್ದಿತ್ತು. ಅದರ ಮೊನೆಯನ್ನು ದ್ರಾವಕದಲ್ಲಿ ನೆನೆಸಿ ಎರಡನೆಯದರ ಪಕ್ಕ ಇಟ್ಟೆ. 1.82. ಸ್ವಲ್ಪವೂ ಆಚೀಚೆ ಇಲ್ಲ, ನನ್ನ ಪ್ರಬಂಧದಲ್ಲಿ ಇರುವಷ್ಟೇ.

ಶಾಯಿ ಆರುವಾಗ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸುತ್ತ ಹರಡಿ ಹಾಳೆಯ ಮೈಗೆ ಅಂಟಿಕೊಳ್ಳುತ್ತಿತ್ತು. ನಾನು ಆರು ವರ್ಷ ಅಳೆದದ್ದು ಹಾಳೆಯನ್ನಲ್ಲ, ಒಂದು ಪೆನ್ನನ್ನು. ಏಸಿಯನ್ನು ಅನುಮಾನಿಸಿದೆ, ನೆಲ ಒರೆಸುವ ನೀರನ್ನು ಅನುಮಾನಿಸಿದೆ, ಪ್ರೊಫೆಸರರ ಉಸಿರನ್ನೂ ಬಿಡಲಿಲ್ಲ. ನನ್ನ ಕೈಯಾರೆ ಇಟ್ಟ ಚುಕ್ಕೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ, ಏಕೆಂದರೆ ಅದು ನನ್ನದು. ಮೊದಲು ಒಬ್ಬಳೇ ನಕ್ಕೆ. ನಗು ನಿಲ್ಲುವ ಹೊತ್ತಿಗೆ ಇನ್ನೊಂದು ನೆನಪಾಯಿತು. 1.87 ಎಂಬ ಸಂಖ್ಯೆಯನ್ನು ನಾನು ಮೊದಲು ನೋಡಿದ್ದು ಪರೀಕ್ಷಕರ ಪತ್ರದಲ್ಲಲ್ಲ. ಎರಡು ವರ್ಷದ ಹಿಂದೆ, ಸೋಮವಾರದ ಸಭೆಯಲ್ಲಿ, ಪರದೆಯ ಮೇಲೆ.

ಪ್ರೊಫೆಸರ್ ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಕೆಟ್ಟವರಲ್ಲ, ದಣಿದವರು. ಹಳೆ ಪೆನ್ನು ಇದ್ದಷ್ಟು ದಿನವೂ 1.82 ಬದಲಾಗದೆ ಬಂದಿದೆಯಲ್ಲ, ಹಾಗಾದರೆ ನಮ್ಮ ಅಳತೆ ತಪ್ಪಲ್ಲ ಅಂದರು. ನಮ್ಮ ಲ್ಯಾಬಿನ ಪರಿಸ್ಥಿತಿಯಲ್ಲಿ ಎಂದು ಒಂದು ಸಾಲು ಸೇರಿಸಿ ಒಪ್ಪಿಸಿಬಿಡು, ಪದವಿ ಬರಲಿ, ಪೆನ್ನಿನ ವಿಷಯ ಆಮೇಲೆ ಬೇರೆ ಲೇಖನ ಮಾಡಿದರಾಯಿತು. ನಾನು ಆ ಹುಡುಗಿಯ ಮಾತೆತ್ತಿದೆ. ಅವರಿಗೆ ತಕ್ಷಣ ನೆನಪಾಗಲಿಲ್ಲ.

"ಅವಳಾಗೇ ಬಿಟ್ಟು ಹೋದಳಲ್ಲಮ್ಮ, ನಾವೇನು ಹೋಗು ಅಂದ್ವಾ?" ಅಂದರು.

ಸುಳ್ಳು ಹೇಳುವುದಿಲ್ಲ. ಆ ಒಂದು ಸಾಲನ್ನು ನಾನು ಮನೆಯಲ್ಲಿ ಕೂತು ಬರೆದೂ ನೋಡಿದೆ. ಓದಿದರೆ ಚೆನ್ನಾಗಿಯೇ ಇತ್ತು. ಪರೀಕ್ಷಕರು ಅದನ್ನು ಒಪ್ಪುವುದಿಲ್ಲ ಎಂದು ಅಳಿಸಿದೆ, ಒಳ್ಳೆಯತನದಿಂದಲ್ಲ. ಬೇರೆ ದಾರಿ ಏನೆಂದರೆ ಚುಕ್ಕೆ ಇಲ್ಲದ ಹಾಳೆಗಳ ಅಳತೆ ಬೇಕು, ಒಂದೆರಡಲ್ಲ, ಹತ್ತಾರು. ಅಷ್ಟನ್ನು ಹೊಸದಾಗಿ ಮಾಡುವುದಕ್ಕೆ ನನ್ನಲ್ಲಿ ದಿನಗಳಿರಲಿಲ್ಲ. ನಮ್ಮ ಹಾಳೆಗಳ ಅಂಥ ಅಳತೆ ಇದ್ದದ್ದು ಒಂದೇ ಕಡೆ, ನಾನು ಎಸೆ ಎಂದು ಹೇಳಿದ್ದ ನೋಟ್‌ಬುಕ್ಕಿನಲ್ಲಿ. ಕನ್ನಡಕದ ಅಂಗಡಿಗೆ ನಾನು ಹೋದದ್ದು ಕ್ಷಮೆ ಕೇಳುವುದಕ್ಕೆ ಎಂದು ಹೇಳಿಕೊಂಡರೆ ಚಂದ. ಹೋದದ್ದು ನೋಟ್‌ಬುಕ್ಕಿಗೆ.

ಅವಳು ಬಿಳಿ ಕೋಟು ಹಾಕಿಕೊಂಡು, ಒಬ್ಬ ಮುದುಕರ ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುತ್ತಿದ್ದಳು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಕೆಲಸ ಬಿಡಲಿಲ್ಲ. ಕಿವಿಯ ಹಿಂದೆ ಒತ್ತುತ್ತದೆ ಎಂದು ಮುದುಕರು ಹೇಳಿದರು. ಅವಳು ಮತ್ತೆ ಬಿಸಿ ಮಾಡಿದಳು. ಈಗ ಸರಿ, ಆದರೆ ಎಡಗಡೆ ಸ್ವಲ್ಪ ಅಂದರು. ಮತ್ತೆ ಬಗ್ಗಿಸಿದಳು. ಅಷ್ಟರಲ್ಲಿ ಅಂಗಡಿಯ ಯಜಮಾನರು ನನ್ನನ್ನು ಗಿರಾಕಿ ಅಂದುಕೊಂಡು ಕುರ್ಚಿಯ ಮೇಲೆ ಕೂರಿಸಿ, ಓದುವಾಗ ತಲೆನೋವು ಬರುತ್ತದಾ ಎಂದು ವಿಚಾರಿಸಿದರು. ಆರು ವರ್ಷದಿಂದ ಬರುತ್ತದೆ ಅಂದೆ. ಹಾಗಾದರೆ ಪರೀಕ್ಷೆ ಮಾಡಿಸಿಬಿಡಿ ಅಂದರು. ಇಪ್ಪತ್ತು ನಿಮಿಷ ಕಾಯಬೇಕಾಯಿತು. ಕಾಯುವುದೆಂದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮುದುಕರು ಹೋದ ಮೇಲೆ ಅವಳು ಹತ್ತಿರ ಬಂದಳು.

"ನಿನ್ನ ಅಳತೆ ಸರಿಯಾಗಿತ್ತು," ಅಂದೆ. "ಚುಕ್ಕೆ ಹಾಕಿದ್ದೇ ತಪ್ಪು. ಶಾಯಿ ಹರಡತ್ತೆ."

"ಗೊತ್ತು ಅಕ್ಕ," ಅಂದಳು. "ಅವತ್ತು ಸಭೇಲಿ ಅದನ್ನೇ ಹೇಳ್ದೆ."

ಅವಳ ಧ್ವನಿ ಅದೇ, ಮೆತ್ತಗೆ. ಆ ಚಿಕ್ಕ ಅಂಗಡಿಯಲ್ಲಿ ಒಂದೊಂದು ಅಕ್ಷರವೂ ಕೇಳಿಸಿತು. ಹಾಗಾದರೆ ಸಭೆಯಲ್ಲೂ ಕೇಳಿಸುತ್ತಿತ್ತು, ನಾನು ಬಾಯಿ ಮುಚ್ಚಿದ್ದಿದ್ದರೆ. ಮೂರೇ ಪರಮಾಣುವಿನ ಹಾಳೆಗೆ ಏನೇನು ತಾಕಿದರೆ ಏನೇನಾಗುತ್ತದೆ ಎಂದು ಒಂದಿಡೀ ಅಧ್ಯಾಯ ಬರೆದವಳು ನಾನು. ಈ ಹುಡುಗಿಯ ಸುತ್ತ ಆಗ ಇದ್ದದ್ದು ನಾನೇ, ಅದು ನನಗೆ ಹೊಳೆದಿರಲಿಲ್ಲ.

ನೋಟ್‌ಬುಕ್ಕು ಇದೆಯಾ ಎಂದು ಕೇಳಿದೆ. ಇದೆ, ಮನೆಯಲ್ಲಿದೆ, ಎಸೆಯಲಿಲ್ಲ ಅಂದಳು. ಬರೀ ಸಿಲಿಕಾನ್ ಬಿಲ್ಲೆಯ ಮೇಲಲ್ಲ, ಗಾಜಿನ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ, ಇನ್ನೊಂದು ಹರಳಿನ ಮೇಲೆ ಕೂಡ ಇಟ್ಟು ಅಳೆದಿದ್ದಳಂತೆ. ನಾಲ್ಕು ಹಾಸಿಗೆ, ನಾಲ್ಕು ಸಂಖ್ಯೆ. ಅಷ್ಟು ಪುಟಗಳಿದ್ದರೆ ಪ್ರಬಂಧ ಉಳಿಯುತ್ತದೆ ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಆ ಮನಸ್ಸಿಗೆ ಬೆಂಕಿ ಹಾಕಬೇಕು ಅನ್ನಿಸಿತು. ನನಗೆ ಅದು ಬೇಕು, ಲೇಖನದಲ್ಲಿ ನಿನ್ನ ಹೆಸರೇ ಮೊದಲು ಬರುತ್ತದೆ ಎಂದು ಹೇಳಿದೆ.

ಅವಳು ಬಿಸಿಗಾಳಿಯ ಯಂತ್ರ ಆರಿಸಿದಳು.

"ಹೆಸರಿನ ಮಾತು ಆಮೇಲೆ ನೋಡೋಣ. ನೀವು ಬೈದಿದ್ದು ಹನ್ನೊಂದು ಜನರ ಮುಂದೆ ಅಕ್ಕ. ಇದನ್ನ ನನ್ನೊಬ್ಬಳ ಹತ್ರ ಹೇಳಿ ಹೋದ್ರೆ ಹೇಗೆ?"

ಸೋಮವಾರ ಅವಳು ಅರ್ಧ ದಿನ ರಜೆ ಹಾಕಿ ಬಂದಳು. ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಆವತ್ತಿನ ಹನ್ನೊಂದು ಜನರಲ್ಲಿ ಏಳು ಜನ ಇನ್ನೂ ಲ್ಯಾಬಿನಲ್ಲೇ ಇದ್ದರು. ನಾನು ಎದ್ದು ನಿಂತು ಚುಕ್ಕೆಯ ಅಳತೆಗಳನ್ನು ಪರದೆಗೆ ಹಾಕಿದೆ. 1.82 ಹಾಳೆಯದಲ್ಲ, ಶಾಯಿಯದು ಎಂದು ಹೇಳಿದೆ. ಎರಡು ವರ್ಷದ ಹಿಂದೆ ಈ ಕೋಣೆಯಲ್ಲಿ ಒಬ್ಬಳೇ ಒಬ್ಬಳು ಸರಿಯಾಗಿ ಅಳೆದಿದ್ದಳು, ಅವಳನ್ನು ನಾನು ನಿಮ್ಮೆಲ್ಲರ ಮುಂದೆ ಬೈದು ಓಡಿಸಿದೆ, ತಪ್ಪು ನನ್ನದು ಎಂದೂ ಹೇಳಿದೆ. ಇಷ್ಟನ್ನು ಹೇಳುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಮುಂದಿನ ವರ್ಷ ಮುಗಿಸಬೇಕಾಗಿದ್ದ ಒಬ್ಬ, ಹಾಗಾದರೆ ನನ್ನ ಮೂರನೇ ಅಧ್ಯಾಯದ ಗತಿಯೇನು ಎಂದು ಕೇಳಿದ. ಅದೂ ಹೋಯಿತು ಅಂದೆ. ಅವನು ಪೆನ್ನು ಮೇಜಿನ ಮೇಲೆ ಕುಕ್ಕಿ ನನ್ನನ್ನು ದುರುಗುಟ್ಟಿಕೊಂಡು ನೋಡಿದ. ನೋಡಲಿ.

ಪ್ರೊಫೆಸರ್ ತಾವಾಗಿ ಎದ್ದು ಹಿಂದಿನ ಸಾಲಿಗೆ ಹೋಗಿ, ಆ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕು ತೆರೆಸಿದರು. ನಾಲ್ಕರಲ್ಲಿ ಯಾವುದು ಹಾಳೆಯ ನಿಜವಾದ ಸಂಖ್ಯೆ ಎಂದು ಕೇಳಿದರು. ಯಾವುದೂ ಅಲ್ಲ ಅಂದಳು. ಕೆಳಗೇನಿದೆ, ಮೇಲೇನಿದೆ ಎಂದು ಹೇಳದೆ ಬರೀ ಹಾಳೆಯ ಸಂಖ್ಯೆ ಹೇಳುವ ಹಾಗೇ ಇಲ್ಲ, ಸುತ್ತಲಿನದೂ ಸೇರಿಯೇ ಅದರ ಗುಣ ಅಂದಳು. ಅವರು ಇನ್ನೂ ಎರಡು ಪ್ರಶ್ನೆ ಕೇಳಿದರು, ಅವಳು ಪುಟ ತಿರುಗಿಸಿ ತೋರಿಸಿದಳು. ನನ್ನ ಆರು ವರ್ಷದಲ್ಲಿ ಅವರು ನನ್ನ ಪಕ್ಕ ಬಂದು ಹಾಗೆ ಕೂತದ್ದಿಲ್ಲ. ಹೊಟ್ಟೆ ಉರಿಯಿತು, ಉರಿಯಬೇಕಾದ್ದೇ.

ಸಭೆ ಮುಗಿದ ಮೇಲೆ ಪರೀಕ್ಷಕರಿಗೆ ನಿಮ್ಮ ಅಳತೆಯೇ ಸರಿ ಎಂದು ಪತ್ರ ಬರೆದೆ. ಅರ್ಧ ಪ್ರಬಂಧ ಕಿತ್ತುಹಾಕಿ ಹೊಸದಾಗಿ ಬರೆಯಬೇಕು, ಆರು ತಿಂಗಳು ಹೆಚ್ಚಿಗೆ ಕೊಡಿ ಎಂದು ಅರ್ಜಿ ತುಂಬಿದೆ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಆರು ವರ್ಷಕ್ಕೆ ಎಳ್ಳುನೀರು. ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಾ ಹೊರಗೆ ಬಂದರೆ ಆ ಹುಡುಗಿ ಮೆಟ್ಟಿಲ ಹತ್ತಿರ ನಿಂತಿದ್ದಳು. ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟಳು.

ಲ್ಯಾಬಿಗೆ ವಾಪಸು ಬಾ ಎಂದು ಕೇಳಿದೆ. ಪ್ರೊಫೆಸರೂ ಒಪ್ಪಿದ್ದಾರೆ, ಈ ಕೆಲಸ ನಿನ್ನದೇ, ನಾನು ಇನ್ನು ಯಾರ ಮೇಲೂ ಕೂಗಾಡುವುದಿಲ್ಲ ಅಂದೆ. ನನಗೆ ಅವಳು ಬೇಕಾಗಿತ್ತು, ಈ ಸಲ ಪ್ರಬಂಧಕ್ಕಲ್ಲ. ಬಂದುಬಿಡುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ.

"ಅಂಗಡೀಲಿ ಯಾರಾದ್ರೂ ಬಂದು ನಂಗೆ ಹೀಗೆ ಕಾಣ್ತಿದೆ ಅಂದ್ರೆ ಯಾರೂ ರೇಗಲ್ಲ ಅಕ್ಕ," ಅಂದಳು. "ಕೂರಿಸಿ, ಒಂದೊಂದೇ ಗಾಜು ಬದಲಾಯಿಸಿ, ಈಗ ಹೇಗೆ ಕಾಣತ್ತೆ ಅಂತ ಕೇಳ್ತೀವಿ. ಅವರು ಹೇಳಿದ್ದನ್ನ ಬರ್ಕೋತೀವಿ. ನಂಗೆ ಅದೇ ಒಗ್ಗಿದೆ."

ಎರಡು ಗಂಟೆಗೆ ಕೆಲಸಕ್ಕೆ ಹೋಗಬೇಕು ಎಂದು ಹೇಳಿ ಅವಳು ಮೆಟ್ಟಿಲಿಳಿದಳು. ಅಷ್ಟು ಒಳ್ಳೆಯ ಕೈಯನ್ನು ಕನ್ನಡಕದ ಕಡ್ಡಿ ಬಗ್ಗಿಸುವುದರಲ್ಲಿ ಕಳೆಯುತ್ತೀಯಾ, ತಲೆ ಇದೆಯಾ ನಿನಗೆ ಎಂದು ಕೂಗಿ ಕರೆಯುವುದಕ್ಕೆ ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಮುಚ್ಚಿಕೊಂಡೆ. ಕೆಳಗೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸುವವರೆಗೂ ಅಲ್ಲೇ ನಿಂತಿದ್ದೆ.